ನಡುಕದ ಮೂಲವನ್ನು ರಕ್ತ ಹೇಳಬಲ್ಲದೇ?

ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ಬೇಸಿಗೆಯ ಹೊತ್ತಿಗೆ ಯಾರಿಗಾದರೂ ಜ್ವರ ಬಂದರೆ ನೆರೆಹೊರೆಯವರು ಮೊದಲು ಕೇಳುವ ಮಾತು, ‘ರಕ್ತ ಕಳಿಸಿದ್ದಾರಾ?’ ಎಂಬುದು. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ವೈರಾಣು ಜ್ವರದ ಮೊದಲ ದಿನಗಳಲ್ಲಿ ರಕ್ತದಲ್ಲೇ ಇರುವುದರಿಂದ ಪ್ರಯೋಗಾಲಯವು ಅದನ್ನು ಅಲ್ಲಿಯೇ ಹುಡುಕಿ ಹೌದು ಅಥವಾ ಇಲ್ಲ ಎಂದು ಹೇಳುತ್ತದೆ. ಘಟ್ಟದ ಕೆಳಗಿನವರಿಗೆ ಮಲೇರಿಯಾ, ಇಲಿಜ್ವರಗಳ ಪರೀಕ್ಷೆಯೂ ಹೀಗೆಯೇ ಪರಿಚಿತ. ಹಾಗಾಗಿ ರಕ್ತಪರೀಕ್ಷೆ ಎಂದರೆ ಎರಡೇ ಉತ್ತರಗಳಿರುವ ಪ್ರಶ್ನೆ ಎಂಬ ಭಾವನೆ ನಮ್ಮ ಜಿಲ್ಲೆಯಲ್ಲಿ ಗಟ್ಟಿಯಾಗಿ ಬೇರೂರಿದೆ. ಕೈ ನಡುಗಿಸಿ ಚಲನೆಯನ್ನು ನಿಧಾನಗೊಳಿಸುವ ಪಾರ್ಕಿನ್ಸನ್ ಕಾಯಿಲೆಯನ್ನು ಒಂದು ಹನಿ ರಕ್ತದಿಂದ ಪತ್ತೆಹಚ್ಚಬಹುದು ಎಂಬ ಸುದ್ದಿಗಳು ಈಗ ಮೇಲಿಂದ ಮೇಲೆ ಬರುತ್ತಿರುವಾಗ ಅವುಗಳನ್ನೂ ನಾವು ಇದೇ ಭಾವನೆಯಿಂದ ಓದುತ್ತಿದ್ದೇವೆ. ಆದರೆ ಮಿದುಳಿನ ಕಾಯಿಲೆಯ ಬಗ್ಗೆ ರಕ್ತ ಕೊಡುವ ಉತ್ತರ ಬೇರೆಯೇ ಬಗೆಯದು, ಮತ್ತು ಅದನ್ನು ಓದುವವರಿಲ್ಲದ ಕಡೆ ಆ ಉತ್ತರ ತಪ್ಪುದಾರಿಗೂ ಎಳೆಯಬಲ್ಲದು.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯನ್ನು ವಿವರಿಸಿದಾಗ ಅವರ ಬಳಿ ಇದ್ದ ಸಾಧನ ಕಣ್ಣು ಮಾತ್ರ; ಅವರು ವಿವರಿಸಿದ ಆರು ಮಂದಿಯಲ್ಲಿ ಕೆಲವರನ್ನು ಬೀದಿಯಲ್ಲಿ ನಡೆಯುವಾಗಲಷ್ಟೇ ನೋಡಿದ್ದರು. ಎರಡು ಶತಮಾನಗಳ ನಂತರವೂ ರೋಗನಿರ್ಣಯದ ತಳಹದಿ ಬಹುಮಟ್ಟಿಗೆ ಅದೇ ಆಗಿದೆ. ಮಿದುಳಿನ ಬುಡದಲ್ಲಿರುವ ಒಂದು ಚಿಕ್ಕ ಕಪ್ಪು ಪಟ್ಟಿಯಲ್ಲಿ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ವರ್ಷಗಟ್ಟಲೆ ಸದ್ದಿಲ್ಲದೆ ಸಾಯುತ್ತವೆ, ಮತ್ತು ದೇಹದ ಚಲನೆಯಲ್ಲಿ ತೊಂದರೆ ಕಾಣಿಸಿಕೊಳ್ಳುವ ಹೊತ್ತಿಗೆ ಆ ವ್ಯವಸ್ಥೆಯ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಭಾಗ ನಷ್ಟವಾಗಿರುತ್ತದೆ. ಆಗ ನರತಜ್ಞರು ರೋಗಿಯ ಚಲನೆ ನಿಧಾನವಾಗಿದೆಯೇ, ಕೈ ಸುಮ್ಮನೆ ತೊಡೆಯ ಮೇಲಿರುವಾಗ ನಡುಗುತ್ತದೆಯೇ, ತೋಳನ್ನು ಮಡಚಿ ಬಿಡಿಸಿದಾಗ ಬಿಗಿತ ತಿಳಿಯುತ್ತದೆಯೇ, ತೊಂದರೆ ಒಂದು ಬದಿಯಲ್ಲಿ ಹೆಚ್ಚಾಗಿದೆಯೇ ಎಂದು ನೋಡುತ್ತಾರೆ. ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಲೆವೊಡೋಪಾ ಮಾತ್ರೆಗೆ ದೇಹ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಕೆಲವು ತಿಂಗಳು ಗಮನಿಸಿ ನಿರ್ಧಾರಕ್ಕೆ ಬರುತ್ತಾರೆ. ಮನೆಯವರ ಕಣ್ಣಿಗೆ ಇದೇ ಬೇರೆ ರೂಪದಲ್ಲಿ ಮೊದಲೇ ಬಿದ್ದಿರುತ್ತದೆ. ಅಡಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತವರ ಕೈ ಹಿಂದಿನಷ್ಟು ಚುರುಕಾಗಿಲ್ಲ, ಬಲೆಯ ಹರಿದ ಕಣ್ಣುಗಳನ್ನು ಹೆಣೆಯುವ ಬೆರಳು ತಡವರಿಸುತ್ತದೆ, ಅಕ್ಷರ ಸಣ್ಣದಾಗುತ್ತ ಹೋಗಿ ಬ್ಯಾಂಕಿನವರು ‘ಸಹಿ ಹೊಂದುತ್ತಿಲ್ಲ’ ಎಂದು ಚೀಟಿಯನ್ನು ವಾಪಸು ಕೊಡುತ್ತಾರೆ.

ಕಣ್ಣಿನಿಂದ ನೋಡಿ ಮಾಡುವ ಈ ಪರೀಕ್ಷೆ ಸಾಮಾನ್ಯವಾದುದಲ್ಲ, ಆದರೂ ತಪ್ಪುತ್ತದೆ. ಮರಣಾನಂತರ ಮಿದುಳನ್ನು ಪರೀಕ್ಷಿಸಿ ಹೋಲಿಸಿದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ವೈದ್ಯರು ಮಾಡಿದ ಪಾರ್ಕಿನ್ಸನ್ ನಿರ್ಣಯ ಸರಿಯಾಗಿದ್ದುದು ಸುಮಾರು ನೂರಕ್ಕೆ ಎಂಬತ್ತರಷ್ಟು. ಕಾಯಿಲೆಯ ಮೊದಲ ವರ್ಷಗಳಲ್ಲಿ ತಪ್ಪುವ ಸಾಧ್ಯತೆ ಇನ್ನೂ ಹೆಚ್ಚು. ಏಕೆಂದರೆ ಇದೇ ವೇಷದಲ್ಲಿ ಬರುವ ಬೇರೆ ಕಾಯಿಲೆಗಳಿವೆ. ಎದ್ದು ನಿಂತಾಗ ರಕ್ತದೊತ್ತಡ ಕುಸಿಯುವ, ಮೂತ್ರದ ಹಿಡಿತ ತಪ್ಪುವ ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ ಒಂದು. ಆರಂಭದಲ್ಲೇ ಹಿಂದಕ್ಕೆ ಬೀಳಿಸುವ ಮತ್ತು ಕಣ್ಣನ್ನು ಮೇಲೆ ಕೆಳಗೆ ಹೊರಳಿಸಲು ಬಿಡದ ಪ್ರೊಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ ಇನ್ನೊಂದು. ಇವು ಪಾರ್ಕಿನ್ಸನ್‌ಗಿಂತ ವೇಗವಾಗಿ ಮುಂದುವರಿಯುತ್ತವೆ, ಲೆವೊಡೋಪಾಕ್ಕೆ ಸರಿಯಾಗಿ ಬಗ್ಗುವುದಿಲ್ಲ, ಮಿದುಳಿಗೆ ಎಲೆಕ್ಟ್ರೋಡ್ ಅಳವಡಿಸುವ ಶಸ್ತ್ರಚಿಕಿತ್ಸೆಯಿಂದ ಇವುಗಳಿಗೆ ಪ್ರಯೋಜನವಿಲ್ಲ. ಹಲವು ಲಕ್ಷ ರೂಪಾಯಿಯ ಆ ಶಸ್ತ್ರಚಿಕಿತ್ಸೆಗೆ ತೋಟ ಒತ್ತೆ ಇಡುವ ಮೊದಲು ಕಾಯಿಲೆ ಯಾವುದೆಂದು ಖಚಿತವಾಗಿ ತಿಳಿಯುವುದು ಒಂದು ಕುಟುಂಬಕ್ಕೆ ಎಷ್ಟು ಮುಖ್ಯ ಎಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಎಸೆನ್ಷಿಯಲ್ ಟ್ರೆಮರ್ ಎಂಬುದು ಪಾರ್ಕಿನ್ಸನ್‌ಗಿಂತ ಸಾಮಾನ್ಯವಾದ, ವಂಶದಲ್ಲಿ ಹರಿದುಬರಬಹುದಾದ ನಡುಕ. ಕೈ ಸುಮ್ಮನಿರುವಾಗ ಇರದೆ ಲೋಟ ಎತ್ತುವಾಗ ಕಾಣಿಸುತ್ತದೆ. ನನ್ನ ದೊಡ್ಡಪ್ಪನ ನಡುಕವನ್ನು ಎರಡು ವರ್ಷ ಎಲ್ಲರೂ ವಯಸ್ಸಿನದೆಂದರು, ಆಮೇಲೆ ಒಬ್ಬರು ಎಸೆನ್ಷಿಯಲ್ ಟ್ರೆಮರ್ ಎಂದು ಬರೆದುಕೊಟ್ಟರು. ಪಾರ್ಕಿನ್ಸನ್ ಎಂದು ತಿಳಿದದ್ದು ಮೂರನೆಯ ವರ್ಷದಲ್ಲಿ, ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದ ನಂತರ. ಅಂದಿನಿಂದ ಈ ವಿಷಯದ ಬಗ್ಗೆ ಏನು ಪ್ರಕಟವಾದರೂ ನಾನು ಓದದೆ ಬಿಡುವುದಿಲ್ಲ.

ಉತ್ತರ ಕನ್ನಡಕ್ಕೆ ಈ ಸಂಶೋಧನೆ ಬೆಂಗಳೂರಿಗಿಂತ ಹೆಚ್ಚು ಮುಖ್ಯವಾಗಲು ಭೂಗೋಳವೇ ಕಾರಣ. ಸುಮಾರು 10,000 ಚದರ ಕಿಲೋಮೀಟರಿನಷ್ಟು ಹರಡಿರುವ, 2011ರ ಜನಗಣತಿಯಂತೆ 14 ಲಕ್ಷಕ್ಕೂ ಹೆಚ್ಚು ಜನರಿರುವ ಜಿಲ್ಲೆಯಿದು. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದ್ದರೂ, ದೊಡ್ಡ ಕಾಯಿಲೆ ಎಂದರೆ ಕಾರವಾರದವರು ಗೋವಾಕ್ಕೆ, ಹೊನ್ನಾವರ ಭಟ್ಕಳದವರು ಮಣಿಪಾಲ ಮಂಗಳೂರಿಗೆ, ಶಿರಸಿ ಯಲ್ಲಾಪುರದವರು ಹುಬ್ಬಳ್ಳಿಗೆ ಹೋಗುವುದು ರೂಢಿ. ಸುಸಜ್ಜಿತ ಆಸ್ಪತ್ರೆಗಾಗಿ 2022ರಲ್ಲಿ ಇಲ್ಲಿನ ಜನ ನಡೆಸಿದ ಹೋರಾಟ ಯಾರಿಗೂ ಮರೆತಿಲ್ಲ. ಪಾರ್ಕಿನ್ಸನ್ ನಿರ್ಣಯಕ್ಕೆ ನೆರವಾಗುವ ವಿಶೇಷ ಸ್ಕ್ಯಾನ್‌ಗಳು, ಅಂದರೆ ಡೋಪಮಿನ್ ನರತುದಿಗಳಿಗೆ ಅಂಟುವ ಅಥವಾ ಅವುಗಳೊಳಗೆ ಸೇರುವ ವಿಕಿರಣಶೀಲ ವಸ್ತುವನ್ನು ಚುಚ್ಚಿ ಚಿತ್ರ ತೆಗೆಯುವ ಟ್ರೋಡ್ಯಾಟ್ ಮತ್ತು ಡೋಪಾ ಪೆಟ್, ಹೆಚ್ಚಾಗಿ ದೊಡ್ಡ ನಗರಗಳಲ್ಲೇ ಸಿಗುತ್ತವೆ. ಅವೂ ಎಸೆನ್ಷಿಯಲ್ ಟ್ರೆಮರ್ ಅನ್ನು ಬೇರ್ಪಡಿಸಿ ತೋರಿಸಬಲ್ಲವೇ ಹೊರತು ಪಾರ್ಕಿನ್ಸನ್ನನ್ನು ಮೇಲೆ ಹೇಳಿದ ಎರಡು ಕಾಯಿಲೆಗಳಿಂದ ಬಿಡಿಸಿ ಹೇಳಲಾರವು. ನಡೆಯಲು ಕಷ್ಟಪಡುವ ಎಪ್ಪತ್ತರ ಹಿರಿಯರನ್ನು ಮಳೆಗಾಲದಲ್ಲಿ ಅರಬೈಲ್ ಘಟ್ಟ ಹತ್ತಿಸಿ ಕರೆದೊಯ್ಯುವ ಬದಲು ಒಂದು ನಳಿಕೆ ರಕ್ತವನ್ನು ಕಳಿಸಿದರೆ ಸಾಕು ಎಂಬ ಸಾಧ್ಯತೆ ಎಂಥ ಸಮಾಧಾನವನ್ನು ತರುತ್ತದೆ ಎಂಬುದನ್ನು ಅನುಭವಿಸಿದವರೇ ಬಲ್ಲರು. ಅದಕ್ಕಾಗಿಯೇ ಆ ಸಾಧ್ಯತೆ ಎಲ್ಲಿಯವರೆಗೆ ಬಂದಿದೆ ಎಂಬುದನ್ನು ಎಚ್ಚರಿಕೆಯಿಂದ ನೋಡಬೇಕಾಗಿದೆ.

ಪಾರ್ಕಿನ್ಸನ್ ಕಾಯಿಲೆಯ ಕೇಂದ್ರದಲ್ಲಿರುವುದು ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನು. ಆರೋಗ್ಯವಂತರಲ್ಲಿಯೂ ಇರುವ ಈ ಪ್ರೋಟೀನು ಕಾಯಿಲೆಯಲ್ಲಿ ತಪ್ಪಾಗಿ ಮಡಚಿಕೊಂಡು ಗಂಟುಗಟ್ಟುತ್ತದೆ. ಫ್ರೆಡರಿಕ್ ಲೆವಿ 1912ರಲ್ಲಿ ಸೂಕ್ಷ್ಮದರ್ಶಕದಲ್ಲಿ ಕಂಡ ಗಂಟುಗಳು ಈ ಪ್ರೋಟೀನಿನಿಂದಲೇ ಆದವು ಎಂದು 1997ರಲ್ಲಿ ತಿಳಿಯಿತು. ಹಾಗಾದರೆ ರಕ್ತದಲ್ಲಿ ಅದರ ಪ್ರಮಾಣವನ್ನು ಅಳೆದರೆ ಸಾಕಲ್ಲವೇ ಎಂದು ಯಾರಿಗಾದರೂ ತೋಚುತ್ತದೆ, ಸಂಶೋಧಕರಿಗೂ ಮೊದಲು ತೋಚಿದ್ದು ಅದೇ. ಅಡ್ಡಿಯಾದದ್ದು ರಕ್ತದ ಸ್ವಭಾವ. ರಕ್ತದಲ್ಲಿರುವ ಸಿನ್ಯೂಕ್ಲಿನ್‌ನಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಪಾಲು ಕೆಂಪು ರಕ್ತಕಣಗಳೊಳಗೆ ಇದೆ, ಅದಕ್ಕೂ ಮಿದುಳಿಗೂ ಸಂಬಂಧವಿಲ್ಲ. ರಕ್ತ ತೆಗೆಯುವಾಗ ಸೂಜಿಯ ಒತ್ತಡಕ್ಕೋ ನಳಿಕೆಯನ್ನು ಅಲುಗಾಡಿಸಿದ್ದಕ್ಕೋ ಕೆಲವೇ ಕೆಂಪು ಕಣಗಳು ಒಡೆದರೂ ಮಿದುಳಿನಿಂದ ಬಂದ ಅತ್ಯಲ್ಪ ಅಂಶವು ಆ ಪ್ರವಾಹದಲ್ಲಿ ಕೊಚ್ಚಿಹೋಗುತ್ತದೆ. ಹಳೆಯ ಅಧ್ಯಯನಗಳಲ್ಲಿ ಕೆಲವು ಹೆಚ್ಚು ಎಂದು, ಕೆಲವು ಕಡಿಮೆ ಎಂದು, ಇನ್ನು ಕೆಲವು ವ್ಯತ್ಯಾಸವೇ ಇಲ್ಲ ಎಂದು ಹೇಳಿದ್ದಕ್ಕೆ ಇದೊಂದು ದೊಡ್ಡ ಕಾರಣ.

ಪ್ರಮಾಣವನ್ನು ಬಿಟ್ಟು ಪ್ರೋಟೀನಿನ ಸ್ವರೂಪವನ್ನು ಹುಡುಕಲು ಹೊರಟಾಗ ದಾರಿ ತೆರೆಯಿತು. ಹಾಲಿಗೆ ಹೆಪ್ಪು ಹಾಕುವುದನ್ನು ನೆನೆಸಿಕೊಂಡರೆ ಈ ವಿಧಾನ ತಾನಾಗಿ ಅರ್ಥವಾಗುತ್ತದೆ. ತಪ್ಪಾಗಿ ಮಡಚಿದ ಸಿನ್ಯೂಕ್ಲಿನ್ ತನ್ನ ಸಂಪರ್ಕಕ್ಕೆ ಬಂದ ಸರಿಯಾದ ಸಿನ್ಯೂಕ್ಲಿನ್ನನ್ನೂ ತನ್ನಂತೆಯೇ ಮಾಡುತ್ತದೆ. ಪ್ರಯೋಗಾಲಯದಲ್ಲಿ ತಯಾರಿಸಿದ ಶುದ್ಧ ಸಿನ್ಯೂಕ್ಲಿನ್ ಹಾಲಿನಂತೆ. ರೋಗಿಯ ದೇಹದ್ರವ ಹೆಪ್ಪಿನಂತೆ. ಎರಡನ್ನೂ ಸೇರಿಸಿ ದಿನಗಟ್ಟಲೆ ಕಲಕುತ್ತ ಇಟ್ಟಾಗ ಅದು ಗಟ್ಟಿಯಾದರೆ, ಅದರೊಳಗೆ ಬೆರೆಸಿದ ಬಣ್ಣ ಹೊಳೆಯತೊಡಗುತ್ತದೆ. ಹೆಪ್ಪು ಇತ್ತೆಂಬುದಕ್ಕೆ ಅದೇ ಸಾಕ್ಷಿ. ಬೀಜವರ್ಧನೆ ಎಂದು ಕರೆಯಬಹುದಾದ ಈ ಪರೀಕ್ಷೆಯನ್ನು ಬೆನ್ನುಹುರಿಯ ಸುತ್ತಲಿನ ದ್ರವದ ಮೇಲೆ, 1,123 ಜನರಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಫಲಿತಾಂಶ ಈ ಕ್ಷೇತ್ರದ ಅತಿ ದೊಡ್ಡ ಹೆಜ್ಜೆ ಎಂದು ನಾನು ಭಾವಿಸುತ್ತೇನೆ. ಪಾರ್ಕಿನ್ಸನ್ ಇರುವವರಲ್ಲಿ ನೂರಕ್ಕೆ 87.7ರಷ್ಟು ಮಂದಿಯಲ್ಲಿ ಅದು ಕಾಯಿಲೆಯನ್ನು ಗುರುತಿಸಿತು. ಆರೋಗ್ಯವಂತರಲ್ಲಿ ನೂರಕ್ಕೆ 96.3ರಷ್ಟು ಮಂದಿಗೆ ಇಲ್ಲವೆಂದು ಸರಿಯಾಗಿ ಹೇಳಿತು. ಆದರೆ ಎಲ್‌ಆರ್‌ಆರ್‌ಕೆ2 ಎಂಬ ಜೀನಿನ ದೋಷದಿಂದ ಕಾಯಿಲೆ ಬಂದವರಲ್ಲಿ ಗುರುತಿಸುವಿಕೆ 67.5ಕ್ಕೆ ಇಳಿಯಿತು. ಹೊರಗಿನಿಂದ ಪಾರ್ಕಿನ್ಸನ್ ಎಂದು ಕಾಣುವುದೆಲ್ಲ ಒಳಗಿನಿಂದ ಒಂದೇ ಕಾಯಿಲೆಯಾಗಿರಬೇಕಿಲ್ಲ ಎಂಬುದನ್ನು ಈ ಅಂಕಿ ತೋರಿಸಿಕೊಟ್ಟಿತು. 2024ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ ಚರ್ಮದ ಸಣ್ಣ ಚೂರುಗಳಲ್ಲೇ ಈ ಪ್ರೋಟೀನಿನ ರೋಗಕಾರಕ ರೂಪ ಕಂಡಿತು: ಪಾರ್ಕಿನ್ಸನ್ ಇದ್ದವರಲ್ಲಿ ನೂರಕ್ಕೆ 92.7, ಕಾಯಿಲೆ ಇಲ್ಲದವರಲ್ಲಿ 3.3.

ಬೆನ್ನಿಗೆ ಸೂಜಿ ಚುಚ್ಚಿ ದ್ರವ ತೆಗೆಯುವುದಕ್ಕೆ ನಮ್ಮವರು ಸುಲಭವಾಗಿ ಒಪ್ಪುವುದಿಲ್ಲ, ಒಪ್ಪಿದರೂ ಅದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾಡುವಂತಿಲ್ಲ. ಇದೇ ಹೆಪ್ಪಿನ ವಿಧಾನವನ್ನು ರಕ್ತಕ್ಕೆ ತರುವ ಪ್ರಯತ್ನದಲ್ಲಿ ಕಷ್ಟವೆಂದರೆ, ರಕ್ತದಲ್ಲಿ ಈ ಹೆಪ್ಪಾಗುವಿಕೆಯನ್ನು ತಡೆಯುವ ಪ್ರೋಟೀನು, ಕೊಬ್ಬಿನ ಕಣಗಳೂ ಇವೆ. ಟೋಕಿಯೊದ ಜುಂಟೆಂಡೊ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಇದಕ್ಕೊಂದು ಉಪಾಯ ಕಂಡುಕೊಂಡಿತು: ಮೊದಲು ಪ್ರತಿಕಾಯಗಳ ಮೂಲಕ ರಕ್ತದಿಂದ ಸಿನ್ಯೂಕ್ಲಿನ್ ಬೀಜಗಳನ್ನಷ್ಟೇ ಹಿಡಿದು ಹೊರತೆಗೆದು, ಆಮೇಲೆ ವರ್ಧಿಸುವುದು. ಪಾರ್ಕಿನ್ಸನ್ ರೋಗಿಗಳ ರಕ್ತದಿಂದ ಬೆಳೆದ ಎಳೆಗಳ ಆಕಾರ, ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ ಇರುವವರ ರಕ್ತದಿಂದ ಬೆಳೆದ ಎಳೆಗಳಿಗಿಂತ ಬೇರೆಯಾಗಿತ್ತು ಎಂಬುದು ಅದರ ಕುತೂಹಲಕರ ಅಂಶ. ಇನ್ನೊಂದು ದಾರಿಯಲ್ಲಿ, ಕೋಶಗಳು ಉದುರಿಸುವ ಸೂಕ್ಷ್ಮ ಚೀಲಗಳಲ್ಲಿ ನರಕೋಶದವುಗಳನ್ನು ಮಾತ್ರ ಆರಿಸಿ ಅವುಗಳೊಳಗಿನ ಸಿನ್ಯೂಕ್ಲಿನ್ನನ್ನು ನೋಡುವ ಕೆಲಸ ಜರ್ಮನಿಯ ಕೀಲ್ ಮತ್ತು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಗಳಲ್ಲಿ ನಡೆದಿದೆ. ಆದರೆ ಆರಿಸಲು ಬಳಸುವ ಎಲ್1ಕ್ಯಾಮ್ ಎಂಬ ಗುರುತು ನಿಜಕ್ಕೂ ಆ ಚೀಲಗಳ ಮೇಲೆಯೇ ಇದೆಯೇ ಎಂಬ ಬಗ್ಗೆ 2021ರಲ್ಲಿ ಗಂಭೀರ ಆಕ್ಷೇಪ ಎದ್ದಿದ್ದು, ವಾದ ಇನ್ನೂ ಮುಗಿದಿಲ್ಲ.

ಈ ಎಲ್ಲ ಸೂಚಕಗಳ ನಡುವೆ ಮೊದಲು ಆಸ್ಪತ್ರೆಯ ಮೇಜಿಗೆ ಬರುವಷ್ಟು ಹಣ್ಣಾಗಿರುವುದು ನನ್ನ ದೃಷ್ಟಿಯಲ್ಲಿ ಸಿನ್ಯೂಕ್ಲಿನ್‌ಗೆ ಸಂಬಂಧವೇ ಇಲ್ಲದ ಇನ್ನೊಂದು ಪ್ರೋಟೀನು. ನರತಂತುವಿನ ಒಳಗೆ ಅದನ್ನು ನೆಟ್ಟಗೆ ನಿಲ್ಲಿಸುವ ಹಂದರದ ಒಂದು ಭಾಗ ಅದು. ಹೆಸರು ನ್ಯೂರೋಫಿಲಮೆಂಟ್ ಲೈಟ್. ತಂತು ಮುರಿದಾಗ ಹಂದರದ ತುಂಡುಗಳು ಬೆನ್ನುಹುರಿಯ ದ್ರವಕ್ಕೆ, ಅಲ್ಲಿಂದ ಅತಿ ಅಲ್ಪ ಪ್ರಮಾಣದಲ್ಲಿ ರಕ್ತಕ್ಕೆ ಸೇರುತ್ತವೆ. ಒಂದು ಮಿಲಿಲೀಟರ್ ರಕ್ತದಲ್ಲಿ ಅದು ಇರುವುದು ಪಿಕೋಗ್ರಾಂ ಲೆಕ್ಕದಲ್ಲಿ, ಅಂದರೆ ಒಂದು ಗ್ರಾಮಿನ ಲಕ್ಷ ಕೋಟಿ ಭಾಗದ ಲೆಕ್ಕದಲ್ಲಿ. ಅಣುಗಳನ್ನು ಒಂದೊಂದಾಗಿ ಎಣಿಸಬಲ್ಲ ಸಿಮೋವಾ ತಂತ್ರ 2010ರ ನಂತರ ಬೆಳೆದದ್ದರಿಂದ ಇದು ಸಾಧ್ಯವಾಯಿತು. ಪಾರ್ಕಿನ್ಸನ್‌ನಲ್ಲಿ ಹಾನಿ ನಿಧಾನವಾಗಿರುವುದರಿಂದ ಈ ಪ್ರೋಟೀನಿನ ಮಟ್ಟ ಅದೇ ವಯಸ್ಸಿನ ಆರೋಗ್ಯವಂತರ ಮಟ್ಟಕ್ಕಿಂತ ಹೆಚ್ಚೇನೂ ಬೇರೆಯಾಗಿರುವುದಿಲ್ಲ. ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ, ಸುಪ್ರಾನ್ಯೂಕ್ಲಿಯರ್ ಪಾಲ್ಸಿಗಳಲ್ಲಿ ಹಾನಿ ವ್ಯಾಪಕವೂ ವೇಗವೂ ಆಗಿರುವುದರಿಂದ ಮಟ್ಟ ಸ್ಪಷ್ಟವಾಗಿ ಏರಿರುತ್ತದೆ. ಸ್ವೀಡನ್ನಿನ ಲುಂಡ್ ಮತ್ತು ಲಂಡನ್ನಿನ ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವು ಈ ಭೇದವನ್ನು ತೋರಿಸುವಲ್ಲಿ ರಕ್ತದ ಅಳತೆ ಬೆನ್ನುಹುರಿಯ ದ್ರವದ ಅಳತೆಗೆ ಸರಿಸಮನಾಗಿ ನಿಲ್ಲುತ್ತದೆ ಎಂದು ಕಂಡುಕೊಂಡಿತು. ಈ ಪ್ರೋಟೀನು ಸಾಕಷ್ಟು ಗಟ್ಟಿಜೀವಿಯೂ ಹೌದು. ಮಾದರಿ ಪ್ರಯಾಣದಲ್ಲಿ ಒಂದಿಷ್ಟು ತಡವಾದರೂ ಸುಲಭವಾಗಿ ಕೆಡುವುದಿಲ್ಲ. ಕುಮಟಾದಲ್ಲಿ ತೆಗೆದ ರಕ್ತ ದೂರದ ಪ್ರಯೋಗಾಲಯಕ್ಕೆ ಹೋಗಬೇಕಾದ ನಮ್ಮಂಥ ಕಡೆಗೆ ಇದು ಸಣ್ಣ ಸಂಗತಿಯಲ್ಲ.

ಆದರೂ ನ್ಯೂರೋಫಿಲಮೆಂಟ್ ಒಂದು ಕಾಯಿಲೆಯ ಹೆಸರು ಹೇಳುವುದಿಲ್ಲ. ಎಲ್ಲೋ ನರತಂತು ಮುರಿಯುತ್ತಿದೆ ಎಂದಷ್ಟೇ ಹೇಳುತ್ತದೆ. ಪಾರ್ಶ್ವವಾಯುವಿನಲ್ಲಿ, ತಲೆಗೆ ಪೆಟ್ಟಾದಾಗ, ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ, ಕೈಕಾಲಿನ ನರ ಕೆಟ್ಟಾಗಲೂ ಅದು ಏರುತ್ತದೆ. ವಯಸ್ಸಿನೊಂದಿಗೆ ಏರುತ್ತದೆ, ಮೂತ್ರಪಿಂಡ ದುರ್ಬಲವಾದಾಗ ಏರುತ್ತದೆ, ಮೈ ದಪ್ಪಗಿರುವವರಲ್ಲಿ ಕಡಿಮೆ ಕಾಣುತ್ತದೆ. ಮಧುಮೇಹದಿಂದ ಪಾದದ ನರಗಳೂ ಮೂತ್ರಪಿಂಡವೂ ಬಾಧಿತವಾಗಿರುವ ಹಿರಿಯರೊಬ್ಬರ ವರದಿಯಲ್ಲಿ ಈ ಅಂಕಿ ಹೆಚ್ಚಿದ್ದರೆ ಅದಕ್ಕೆ ಸುಪ್ರಾನ್ಯೂಕ್ಲಿಯರ್ ಪಾಲ್ಸಿ ಎಂಬ ಅರ್ಥವನ್ನು ಕೊಡುವುದು ದೊಡ್ಡ ಪ್ರಮಾದ. ಪಾರ್ಕಿನ್ಸನ್‌ನಂತೆ ಕಾಣುತ್ತಿದೆ, ಆದರೆ ಏನೋ ಸರಿಹೊಂದುತ್ತಿಲ್ಲ ಎಂದು ಅನುಭವಿ ವೈದ್ಯರಿಗೆ ಅನ್ನಿಸಿದಾಗ ಆ ಅನುಮಾನವನ್ನು ತೂಗಿ ನೋಡಲು ಇದು ಒಳ್ಳೆಯ ತಕ್ಕಡಿ.

ಉಳಿದ ಸೂಚಕಗಳ ಬಗ್ಗೆ ಚಿಕ್ಕದಾಗಿ ಹೇಳಬಹುದು. ಡೋಪಮಿನ್ ತಯಾರಿಕೆಯ ಕೊನೆಯ ಹಂತದಲ್ಲಿ ಕೆಲಸ ಮಾಡುವ ಡಿಡಿಸಿ ಎಂಬ ಕಿಣ್ವ ಈ ಕಾಯಿಲೆಗಳಲ್ಲಿ ರಕ್ತದಲ್ಲಿಯೂ ಏರುತ್ತದೆ ಎಂದು ಲುಂಡ್‌ನ ಸಂಶೋಧಕರು 2023ರಲ್ಲಿ ತೋರಿಸಿದರು; ಆದರೆ ಲೆವೊಡೋಪಾದ ಜೊತೆ ಸೇರಿಸಿ ಕೊಡುವ ಔಷಧವೇ ಅದನ್ನು ಏರಿಸುತ್ತದೆ, ಹಾಗಾಗಿ ಮಾತ್ರೆ ಆರಂಭಿಸಿದವರಲ್ಲಿ ಅದರ ಅರ್ಥ ಮಸುಕಾಗುತ್ತದೆ. ಅದೇ ವರ್ಷ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ ರಕ್ತಕಣಗಳಲ್ಲಿ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯದ ಡಿಎನ್ಎಗೆ ಆದ ಹಾನಿಯನ್ನು ಪಿಸಿಆರ್ ಮೂಲಕ ಅಳೆಯುವ ವಿಧಾನವನ್ನು ಪ್ರಕಟಿಸಿತು. ಕೋವಿಡ್ ಕಾಲದಲ್ಲಿ ತಾಲೂಕುಗಳಿಗೂ ಪರಿಚಯವಾದ ತಂತ್ರ ಇದಾದ್ದರಿಂದ ಮುಂದೆ ಅಗ್ಗವಾಗಬಹುದೆಂಬ ಆಸೆ ನನಗಿದೆ. 2024ರಲ್ಲಿ ಲಂಡನ್ ಮತ್ತು ಗೋಟಿಂಗೆನ್‌ನ ಸಂಶೋಧಕರು ರಕ್ತದ ಎಂಟು ಪ್ರೋಟೀನುಗಳ ಮಾದರಿಯನ್ನು ಕಂಪ್ಯೂಟರಿಗೆ ಕಲಿಸಿ, ನಿದ್ರೆಯಲ್ಲಿ ಕನಸಿನಂತೆಯೇ ಕೈಕಾಲು ಬೀಸುವ ತೊಂದರೆ ಇದ್ದ 72 ಜನರ ರಕ್ತವನ್ನು ನೋಡಿದರು. ಅವರಲ್ಲಿ ನೂರಕ್ಕೆ 79ರಷ್ಟು ಮಂದಿಯ ರಕ್ತ ಪಾರ್ಕಿನ್ಸನ್ ರೋಗಿಗಳದ್ದನ್ನು ಹೋಲುತ್ತಿತ್ತು, ಮತ್ತು ಕೆಲವರಲ್ಲಿ ಈ ಹೋಲಿಕೆ ನಡುಕ ಆರಂಭವಾಗುವ ಏಳು ವರ್ಷ ಮೊದಲೇ ಕಾಣಿಸಿಕೊಂಡಿತ್ತು. ‘ಏಳು ವರ್ಷ ಮೊದಲೇ ಪಾರ್ಕಿನ್ಸನ್ ಪತ್ತೆ’ ಎಂಬ ಸುದ್ದಿಯ ಮೂಲ ಇದು.

ಆ ಸುದ್ದಿಯನ್ನು ಓದುವಾಗ ಯಾರ ರಕ್ತವನ್ನು ನೋಡಿದ್ದರು ಎಂಬುದನ್ನು ಬಿಡಬಾರದು. ನಿದ್ರೆಯ ಆ ತೊಂದರೆಯೇ ಒಂದು ಬಲವಾದ ಮುನ್ಸೂಚನೆ. 24 ಕೇಂದ್ರಗಳ 1,280 ಜನರನ್ನು ಹಿಂಬಾಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹನ್ನೆರಡು ವರ್ಷಗಳಲ್ಲಿ ನೂರಕ್ಕೆ 73.5ರಷ್ಟು ಮಂದಿಗೆ ಪಾರ್ಕಿನ್ಸನ್ ಅಥವಾ ಅದರ ಬಂಧುಕಾಯಿಲೆ ಬಂದೀತೆಂದು ಅಂದಾಜಾಯಿತು. ಅಂಥವರಲ್ಲಿ ಚೆನ್ನಾಗಿ ಕೆಲಸ ಮಾಡಿದ ಪರೀಕ್ಷೆ ಊರಿನವರೆಲ್ಲರಲ್ಲಿ ಹಾಗೆಯೇ ಕೆಲಸ ಮಾಡುವುದಿಲ್ಲ. ಲೆಕ್ಕ ಸರಳವಾಗಿದೆ. ಶಿರಸಿಯಲ್ಲೊಂದು ಆರೋಗ್ಯ ಶಿಬಿರಕ್ಕೆ ಅರವತ್ತು ದಾಟಿದ 1,000 ಮಂದಿ ಬಂದಿದ್ದಾರೆ, ಅವರಲ್ಲಿ 10 ಮಂದಿಗೆ ಕಾಯಿಲೆಯಿದೆ ಎಂದು ಭಾವಿಸೋಣ. ಪರೀಕ್ಷೆ ಎರಡೂ ಕಡೆ ನೂರಕ್ಕೆ 90ರಷ್ಟು ಸರಿಯಾಗಿದ್ದರೆ ಕಾಯಿಲೆ ಇರುವ 10 ಮಂದಿಯಲ್ಲಿ 9 ಮಂದಿಯನ್ನು ಹಿಡಿಯುತ್ತದೆ. ಇಲ್ಲದ 990 ಮಂದಿಯಲ್ಲಿ 99 ಮಂದಿಗೆ ಇದೆ ಎಂದು ತಪ್ಪಾಗಿ ಹೇಳುತ್ತದೆ. ‘ಇದೆ’ ಎಂಬ ಚೀಟಿ ಹಿಡಿದು ಮನೆಗೆ ಹೋಗುವ 108 ಜನರಲ್ಲಿ ನಿಜವಾಗಿ ಕಾಯಿಲೆ ಇರುವುದು ಹನ್ನೆರಡಕ್ಕೆ ಒಬ್ಬರಿಗೆ. ಅದೇ ಪರೀಕ್ಷೆಯನ್ನು, ನರತಜ್ಞರು ನೋಡಿ ಅರ್ಧಕ್ಕರ್ಧ ಅನುಮಾನ ಇಟ್ಟುಕೊಂಡ 1,000 ಮಂದಿಯ ಮೇಲೆ ಮಾಡಿದರೆ ‘ಇದೆ’ ಎಂಬ ಉತ್ತರ ಹತ್ತರಲ್ಲಿ ಒಂಬತ್ತು ಸಲ ನಿಜವಾಗುತ್ತದೆ. ನಳಿಕೆಯೊಳಗಿನ ರಸಾಯನ ಬದಲಾಗಿಲ್ಲ, ಯಾರನ್ನು ಪರೀಕ್ಷೆಗೆ ಕಳಿಸಿದರು ಎಂಬುದು ಬದಲಾಗಿದೆ. ಉಚಿತ ಶಿಬಿರಗಳಲ್ಲಿ, ಪ್ಯಾಕೇಜ್ ಹೆಸರಿನ ತಪಾಸಣೆಗಳಲ್ಲಿ ಇಂಥ ಪರೀಕ್ಷೆ ಸೇರಿಕೊಳ್ಳುವ ದಿನ ಬಂದರೆ ಅದನ್ನು ವಿರೋಧಿಸಬೇಕು ಎಂದು ನಾನು ಹೇಳುವುದು ಈ ಲೆಕ್ಕದ ಮೇಲೆ.

ಹಾಗೆ ಮೊದಲೇ ತಿಳಿದು ಮಾಡುವುದೇನು ಎಂಬ ಪ್ರಶ್ನೆಯೂ ಇದೆ. ಪಾರ್ಕಿನ್ಸನ್ನಿನ ಓಟವನ್ನು ತಡೆಯುತ್ತದೆ ಎಂದು ಸಾಬೀತಾದ ಔಷಧ ಇಲ್ಲಿಯವರೆಗೆ ಇಲ್ಲ. ಲೆವೊಡೋಪಾ ಲಕ್ಷಣಗಳನ್ನು ಹತೋಟಿಗೆ ತರುತ್ತದೆ. ಸಿನ್ಯೂಕ್ಲಿನ್ನನ್ನು ಗುರಿಯಾಗಿಸಿದ ಎರಡು ಪ್ರತಿಕಾಯ ಔಷಧಗಳ ಪ್ರಯೋಗ ಮುಖ್ಯ ಗುರಿಯನ್ನು ಮುಟ್ಟಲಿಲ್ಲವೆಂದು 2022ರಲ್ಲಿ ವರದಿಯಾಯಿತು. ಮುಂದಿನ ಔಷಧಗಳನ್ನು ಕಾಯಿಲೆಯ ಮೊಳಕೆಯಲ್ಲೇ ಪರೀಕ್ಷಿಸಲು ರಕ್ತದ ಸೂಚಕಗಳು ಬೇಕೇ ಬೇಕು, ಸಂಶೋಧನೆಗೆ ಅವುಗಳ ಬೆಲೆ ಅಪಾರ. ಆದರೆ ಲಕ್ಷಣವೇ ಇಲ್ಲದ ನಲವತ್ತೈದರ ಮೀನುಗಾರನಿಗೋ ತೋಟಿಗನಿಗೋ ಇಂದು ಆ ಚೀಟಿ ಕೊಟ್ಟರೆ ಅವನು ಪಡೆಯುವುದು ಚಿಂತೆಯನ್ನು ಮಾತ್ರ. ಪಕ್ಕದ ಕಾಯಿಲೆಯಾದ ಆಲ್ಝೈಮರ್‌ನಲ್ಲಿ ಪಿ-ಟಾವ್ 217 ಎಂಬ ಪ್ರೋಟೀನಿನ ಆಧಾರಿತ ರಕ್ತಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರ ಮೇ ತಿಂಗಳಲ್ಲಿ ಅನುಮತಿ ಕೊಟ್ಟಾಗಲೂ ಅದನ್ನು 55 ದಾಟಿದ, ಮರೆವಿನ ಲಕ್ಷಣಗಳಿರುವ, ತಜ್ಞರ ಆರೈಕೆಯಲ್ಲಿರುವವರಿಗೆ ಸೀಮಿತಗೊಳಿಸಿತು.

ಚಲನೆಯ ಕಾಯಿಲೆಗಳಲ್ಲಿ ರಕ್ತಪರೀಕ್ಷೆ ಈಗಾಗಲೇ ಜೀವ ಉಳಿಸಬಲ್ಲ ಒಂದು ಜಾಗವಿದೆ, ಹೊಸ ಸುದ್ದಿಗಳ ಭರಾಟೆಯಲ್ಲಿ ಅದು ಮರೆಯಾಗುವುದು ನನಗೆ ನೋವಿನ ಸಂಗತಿ. ಹದಿನೈದು, ಇಪ್ಪತ್ತರ ಹುಡುಗರಿಗೆ ನಡುಕ ಬಂದು, ಮಾತು ತೊದಲಿ, ಓದು ಹಿಂದೆಬಿದ್ದರೆ ಅದು ವಿಲ್ಸನ್ ಕಾಯಿಲೆ ಆಗಿರಬಹುದು. ತಾಮ್ರವನ್ನು ದೇಹದಿಂದ ಹೊರಹಾಕುವ ಜೀನು ಕೆಟ್ಟು, ಅದು ಯಕೃತ್ತಿನಲ್ಲಿಯೂ ಮಿದುಳಿನಲ್ಲಿಯೂ ಸಂಗ್ರಹವಾಗುವ ಆನುವಂಶಿಕ ಕಾಯಿಲೆ ಇದು. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸುವ ನಮ್ಮ ತೋಟಗಳಲ್ಲಿ ತಾಮ್ರವಿರುವ ಮೈಲುತುತ್ತದಿಂದಲೇ ಹೀಗಾಯಿತೇ ಎಂದು ಮನೆಯವರು ಗಾಬರಿಯಾಗುವುದುಂಟು. ವಿಲ್ಸನ್ ಕಾಯಿಲೆ ಅದರಿಂದ ಬರುವುದಿಲ್ಲ, ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ಜೀನು ಬಂದಾಗ ಬರುತ್ತದೆ. ರಕ್ತದಲ್ಲಿ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನಿನ ಮಟ್ಟ, 24 ಗಂಟೆಯ ಮೂತ್ರದಲ್ಲಿ ತಾಮ್ರದ ಪ್ರಮಾಣ, ಕಣ್ಣಿನ ಕರಿಯಾಲಿಯ ಅಂಚಿನ ಕಂದು ಬಳೆ, ಇವು ಮೂರು ಸೇರಿ ಹೆಚ್ಚಿನವರಲ್ಲಿ ಉತ್ತರ ಸಿಗುತ್ತದೆ. ಪೆನಿಸಿಲಮಿನ್ ಅಥವಾ ಸತುವಿನ ಔಷಧಗಳಿಂದ ಬಹಳ ಮಂದಿ ಸುಧಾರಿಸುತ್ತಾರೆ, ಒಡಹುಟ್ಟಿದವರನ್ನು ಲಕ್ಷಣ ಬರುವ ಮೊದಲೇ ಉಳಿಸಿಕೊಳ್ಳಬಹುದು. ಇಲ್ಲಿ ಮೊದಲೇ ತಿಳಿಯುವುದರಿಂದ ಲಾಭ ಸ್ಪಷ್ಟವಾಗಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆಯ ಬಗ್ಗೆ ದಶಕಗಳ ಅನುಭವವಿದೆ. ಥೈರಾಯ್ಡ್ ಹೆಚ್ಚಾದಾಗಿನ ನಡುಕವೂ ತಾಲೂಕು ಮಟ್ಟದ ರಕ್ತಪರೀಕ್ಷೆಯಲ್ಲೇ ಗೊತ್ತಾಗುವಂಥದ್ದು. ಕೈಕಾಲು ತಾವಾಗಿಯೇ ಅಲುಗಾಡುವ ಆನುವಂಶಿಕ ಹಂಟಿಂಗ್ಟನ್ ಕಾಯಿಲೆಗೆ 1993ರಿಂದ ಜೀನಿನ ಪರೀಕ್ಷೆಯಿದ್ದು, ಅದರ ಉತ್ತರ ಬಹುತೇಕ ಹೌದು ಅಥವಾ ಇಲ್ಲ ಎಂಬ ಬಗೆಯದು. ಗುಣಪಡಿಸುವ ಚಿಕಿತ್ಸೆಯಿಲ್ಲದ ಆ ಕಾಯಿಲೆಯಲ್ಲಿ ಆಪ್ತಸಮಾಲೋಚನೆ ಇಲ್ಲದೆ ರಕ್ತ ತೆಗೆಯಬಾರದು ಎಂಬ ನಿಯಮ ಬಂದದ್ದೂ ಅದಕ್ಕಾಗಿಯೇ.

ರಕ್ತದಲ್ಲಿ ಕಾಣದೆ ಔಷಧದ ಚೀಲದಲ್ಲಿ ಕಾಣುವ ಒಂದು ಕಾರಣವನ್ನೂ ಇಲ್ಲಿ ಹೇಳಲೇಬೇಕು. ಡೋಪಮಿನ್‌ನ ದಾರಿಯನ್ನು ಕಟ್ಟುವ ಕೆಲವು ಮಾತ್ರೆಗಳು ಪಾರ್ಕಿನ್ಸನ್‌ನಂತೆಯೇ ಕಾಣುವ ನಡುಕ, ಬಿಗಿತಗಳನ್ನು ತರುತ್ತವೆ. ಮಾನಸಿಕ ಕಾಯಿಲೆಗೆ ಕೊಡುವ ಹಾಲೊಪೆರಿಡಾಲ್ ಹಾಗೆ ಮಾಡುತ್ತದೆ ಎಂದು ವೈದ್ಯರೆಲ್ಲರಿಗೂ ಗೊತ್ತು. ಆದರೆ ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಅರೆತಲೆನೋವಿನ ಫ್ಲುನರಿಜಿನ್, ಗ್ಯಾಸ್ಟ್ರಿಕ್ ಮಾತ್ರೆಯ ಜೊತೆ ಒಂದೇ ಕ್ಯಾಪ್ಸೂಲಿನಲ್ಲಿ ಬೆರೆತು ಬರುವ ಲೆವೊಸಲ್ಪಿರೈಡ್ ಕೂಡ ಹೀಗೆ ಮಾಡಬಲ್ಲವು ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಹೊಟ್ಟೆಯುಬ್ಬರಕ್ಕೆಂದು ಒಮ್ಮೆ ಬರೆದುಕೊಟ್ಟ ಚೀಟಿಯನ್ನೇ ಔಷಧ ಅಂಗಡಿಗೆ ತೋರಿಸುತ್ತ ವರ್ಷಗಟ್ಟಲೆ ನುಂಗುವ ಹಿರಿಯರು ನಮ್ಮ ಪ್ರತಿ ಊರಿನಲ್ಲಿಯೂ ಇದ್ದಾರೆ. ಇಂಥ ಮಾತ್ರೆಯನ್ನು ವೈದ್ಯರ ಸಲಹೆಯಂತೆ ನಿಲ್ಲಿಸಿದಾಗ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಅನೇಕರ ನಡುಕ ಹೋಗುತ್ತದೆ. ಪಿಕೋಗ್ರಾಂ ಅಳೆಯುವ ಯಂತ್ರಕ್ಕೆ ಕಾಯುವುದಕ್ಕಿಂತ ಮೊದಲು ಮಾಡಬಹುದಾದ, ಏನೂ ಖರ್ಚಿಲ್ಲದ ತನಿಖೆ ಇದು.

ಮುಂದೆ ಏನಾಗಬೇಕು ಎಂಬುದರಲ್ಲಿ ಎರಡು ಸಂಗತಿಗಳು ನನಗೆ ಮುಖ್ಯವಾಗಿ ತೋರುತ್ತವೆ. ಇಲ್ಲಿ ಹೆಸರಿಸಿದ ಅಂಕಿಗಳೆಲ್ಲ ಬಹುಪಾಲು ಯುರೋಪು, ಅಮೆರಿಕ, ಜಪಾನಿನ ಜನರ ರಕ್ತದಿಂದ ಬಂದವು. ವಯಸ್ಸು, ಮೈತೂಕ, ಮೂತ್ರಪಿಂಡದ ಸ್ಥಿತಿಗೆ ತಕ್ಕಂತೆ ಬದಲಾಗುವ ನ್ಯೂರೋಫಿಲಮೆಂಟ್‌ನಂಥ ಸೂಚಕಕ್ಕೆ, ಮಧುಮೇಹ ಇಷ್ಟು ವ್ಯಾಪಕವಾಗಿರುವ ನಮ್ಮ ಜನರಲ್ಲಿ ಸಹಜ ಮಟ್ಟ ಯಾವುದು ಎಂಬುದನ್ನು ನಮ್ಮವರ ರಕ್ತದಿಂದಲೇ ನಿಗದಿಪಡಿಸಬೇಕು. ಅದಕ್ಕೆ ಮಹಾನಗರದ ಆಸ್ಪತ್ರೆಗೆ ಬರುವವರಷ್ಟೇ ಅಲ್ಲದೆ ಜೊಯಿಡಾ, ಸಿದ್ದಾಪುರಗಳಂಥ ಕಡೆಯ ಹಿರಿಯರೂ ಸೇರಬೇಕು. ಇನ್ನೊಂದು, ನರತಜ್ಞರಿಲ್ಲದ ಕಡೆ ಮೊದಲು ನೋಡುವ ವೈದ್ಯರ ತರಬೇತಿ. ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಆರಂಭವಾದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮ ಹಿಡಿದಿರುವ ದಾರಿ ಅದೇ ಆಗಿದೆ. ತೋಳಿನ ಬಿಗಿತವನ್ನು ಮುಟ್ಟಿ ಗುರುತಿಸಬಲ್ಲ ವೈದ್ಯರು ತಾಲೂಕಿನಲ್ಲಿದ್ದರೆ ಮುಂದೆ ಬರುವ ರಕ್ತಪರೀಕ್ಷೆಗೆ ಸರಿಯಾದ ಸಾವಿರ ಮಂದಿ ಹೋಗುತ್ತಾರೆ.

ಅಲ್ಲಿಯವರೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೊರಡುವ ಮನೆಯವರು ಜೊತೆಗೆ ಒಯ್ಯಬೇಕಾದವು ಕೆಲವಿವೆ. ಕಳೆದ ಒಂದೆರಡು ವರ್ಷಗಳಲ್ಲಿ ನುಂಗಿದ ಎಲ್ಲ ಮಾತ್ರೆಗಳ ಖಾಲಿ ಪಟ್ಟಿಗಳು, ಹೊಟ್ಟೆಯ ಮಾತ್ರೆಯದ್ದೂ ಸೇರಿ. ಕೂತಾಗ, ಲೋಟ ಎತ್ತುವಾಗ, ಅಂಗಳದಲ್ಲಿ ನಡೆದು ತಿರುಗುವಾಗ ಮೊಬೈಲಿನಲ್ಲಿ ತೆಗೆದ ವಿಡಿಯೊಗಳು. ಅಪರಿಚಿತ ಕೋಣೆಯಲ್ಲಿ ಹತ್ತು ನಿಮಿಷದಲ್ಲಿ ಕಾಣದ್ದು ಅದರಲ್ಲಿ ಕಾಣುತ್ತದೆ. ಐದು ವರ್ಷ ಹಿಂದಿನ ಸಹಿ ಮತ್ತು ಇಂದಿನ ಸಹಿ. ರಾತ್ರಿ ನಿದ್ರೆಯಲ್ಲಿ ಕೂಗುತ್ತಾರೆಯೇ, ಒದೆಯುತ್ತಾರೆಯೇ ಎಂಬುದನ್ನು ಹೇಳಬಲ್ಲ ಅಮ್ಮನೋ ಅತ್ತಿಗೆಯೋ. ಮಲಬದ್ಧತೆ ಯಾವಾಗ ಆರಂಭವಾಯಿತು, ಮಲ್ಲಿಗೆಯ ಅಥವಾ ಒಣಮೀನಿನ ವಾಸನೆ ಯಾವ ವರ್ಷದಿಂದ ತಿಳಿಯುತ್ತಿಲ್ಲ, ಅದು ಕೋವಿಡ್‌ಗಿಂತ ಮೊದಲೋ ನಂತರವೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ನರತಜ್ಞರು ಕೇಳುವ ಮೊದಲ ಪ್ರಶ್ನೆಗಳಿಗೆ ಉತ್ತರ ಕೈಯಲ್ಲೇ ಇರುತ್ತದೆ.